ನೀರು ಬಿಡುವ ಮುನ್ನ

ಈ ಬೆಳಿಗ್ಗೆ ಆಫೀಸಿಗೆಂದು ಮನೆಯಿಂದ ಹೊರಬಿದ್ದಾಗ ಒದ್ದೆ ಎರೆಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಮೆಲ್ಬರ್ನಿನ ಪಶ್ಚಿಮದ ಮಣ್ಣು ನಮ್ಮ ಧಾರವಾಡದ ಎರೆಯ ಹಾಗೆಯೇ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಾದರೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಊರು ನೆನಪಾಗಬೇಕಿತ್ತು, ಒಪ್ಪುತ್ತೇನೆ. ನೆನಪಾದವರು ಆಲ್ಮಾಜ್.

ಆಲ್ಮಾಜ್ ಇಥಿಯೋಪಿಯಾದ ಬೆಟ್ಟದ ಹಳ್ಳಿಯವರು, ಅರವತ್ತು ದಾಟಿದ ಹೆಂಗಸು. ಪಾಯಿಂಟ್ ಕುಕ್‌ನ ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಒಂದು ಸಬರ್ಬಿನಲ್ಲಿ ಎಲ್ಲರೂ ಸೇರಿ ಬೆಳೆಯುವ ಕೈತೋಟವಿದೆ. ಅಲ್ಲಿ ನನ್ನ ಮೆಂತ್ಯದ ಮಡಿಯ ಪಕ್ಕದ್ದು ಅವರದಾಗಿತ್ತು. ನಾನು ಚರಂಡಿಗಳ ನಕ್ಷೆ ಹಾಕುವ ಇಂಜಿನಿಯರ್. ಮಳೆನೀರನ್ನು ಪೈಪಿಗಿಳಿಸಿ ಬೇಗ ಸಾಗಹಾಕುವುದೇ ಕಸುಬು. ಆ ಕಸುಬಿನ ಬಗ್ಗೆ ನನಗಿದ್ದ ಜಂಬವನ್ನು ನೀವು ನೋಡಬೇಕಿತ್ತು.

ಕೆಲವು ವರ್ಷಗಳ ಹಿಂದೆ ತೋಟದ ಮೇಲ್ಗಡೆ ಒಂದು ಗೋದಾಮು ಎದ್ದಿತು. ಅದರ ಕಾಂಕ್ರೀಟ್ ಅಂಗಳದ ನೀರು ಲಾರಿಗಳ ಎಣ್ಣೆಯ ಸಮೇತ ನಮ್ಮ ಮಡಿಗಳಿಗೆ ನುಗ್ಗತೊಡಗಿತು. ಸೊಪ್ಪು ಸುಟ್ಟಂತಾಯಿತು. ಕೊನೆಗೆ ಕೌನ್ಸಿಲಿನಿಂದ ಪತ್ರ ಬಂತು: ಜಾಗ ಕೆಟ್ಟಿದೆ, ತೋಟ ಮುಚ್ಚುವ ಆಲೋಚನೆಯಿದೆ, ಹೇಳುವುದಿದ್ದರೆ ಸಭೆಗೆ ಬನ್ನಿ.

“ಒಂದು ಪೈಪು ಹಾಕಿ ತೋಟದ ಕೆಳಗಿನ ತೊರೆಗೆ ಬಿಟ್ಟರಾಯಿತು” ಎಂದೆ ನಾನು.

“ತೊರೆಯ ಕೆಳಗೆ ಯಾರಿದ್ದಾರೆ?” ಆಲ್ಮಾಜ್ ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರು ಇಳಿಜಾರಿಗೆ ಅಡ್ಡವಾಗಿ ಕರಿಕಲ್ಲು ಜೋಡಿಸತೊಡಗಿದರು, ಅವರ ಬೆಟ್ಟದಲ್ಲಿ ತಲೆತಲಾಂತರದಿಂದ ಮಾಡುವ ಹಾಗೆ. “ನೀನು ನೀರನ್ನು ಓಡಿಸುತ್ತೀ. ನಾವು ಅದನ್ನು ನಡೆಸುತ್ತೇವೆ.”

ನಾನೂ ಕಲ್ಲು ಹೊತ್ತೆ. ಮನೆಯವರು ನಕ್ಕರು: “ಅಲ್ಲಾ, ಇಂಜಿನಿಯರ್ ಆಗಿ ರವಿವಾರ ಕಲ್ಲ ಹೊರಾಕ ಹೋಗ್ತೀಯಲ್ಲ, ಏನ್ ಹುಚ್ಚ ಹಿಡದದ ನಿನಗ?” ಮುಂದಿನ ಮಳೆಗೆ ನೀರು ಆ ಒಡ್ಡುಗಳ ಹಿಂದೆ ನಿಂತು, ಇಂಗಿ, ನಿಧಾನವಾಗಿ ಇಳಿಯಿತು. ಮಣ್ಣು ಕೊಚ್ಚಿಹೋಗಲಿಲ್ಲ. ನಮ್ಮ ಕಡೆಯ ಹೊಲಗಳ ಒಡ್ಡನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಓದು ಅದನ್ನೆಲ್ಲ ಮರೆಸಿತ್ತು.

ಆದರೆ ಕಲ್ಲು ಎಣ್ಣೆಯನ್ನು ತಡೆಯುವುದಿಲ್ಲ. ಸಭೆಯ ದಿನ ಆಲ್ಮಾಜ್ ಬಿಳಿ ಶಾಲು ಹೊದ್ದು ಎದ್ದು ನಿಂತರು. ಗೋದಾಮಿನ ಮ್ಯಾನೇಜರ್ ಮುಂದಿನ ಸಾಲಿನಲ್ಲೇ ಇದ್ದ.

“ನಮ್ಮ ಹಳ್ಳಿಯಲ್ಲಿ ಮೇಲಿನ ಹೊಲದವನು ನೀರು ಬಿಡುವ ಮೊದಲು ಕೆಳಗಿನವನನ್ನು ಕೇಳಬೇಕು” ಎಂದರು, ನಿಧಾನವಾದ ಇಂಗ್ಲಿಷಿನಲ್ಲಿ. “ಕೇಳದೆ ಬಿಟ್ಟರೆ ಹಿರಿಯರು ಇಬ್ಬರನ್ನೂ ಮರದಡಿ ಕೂರಿಸುತ್ತಾರೆ. ಬೆಳೆ ಕಳೆದುಕೊಂಡವನಿಗೆ ಎದ್ದು ಹೋಗು ಅಂತ ಯಾವ ಹಿರಿಯನೂ ಹೇಳಿದ್ದಿಲ್ಲ. ಇಲ್ಲಿ ನೀರು ಬಿಟ್ಟವರು ಅವರು. ಹೋಗಬೇಕಾದವರು ನಾವೇ? ಗುಡ್ಡದ ಮೇಲಿನ ದೊಡ್ಡ ಮನೆಗಳ ಪಾರ್ಕಿಗೆ ಈ ನೀರು ನುಗ್ಗಿದ್ದರೆ ನೀವು ಪಾರ್ಕು ಮುಚ್ಚುತ್ತಿದ್ದಿರಾ?”

ಆಗ ನಾನೂ ಎದ್ದೆ. ಅಂಗಳದ ಇಳಿಜಾರನ್ನು ಅಳೆದು ತಂದಿದ್ದೆ. ಅದು ನೇರ ನಮ್ಮ ಕಡೆಗೇ ಇತ್ತು. ನನ್ನ ಓದು ಕೊನೆಗೂ ಸರಿಯಾದ ಪಕ್ಷ ಸೇರಿತು. ತಿಂಗಳುಗಳೇ ಹಿಡಿದವು, ಆದರೆ ಗೋದಾಮಿನವರು ನೀರು ನಿಲ್ಲಿಸುವ ತೊಟ್ಟಿಯನ್ನೂ ಎಣ್ಣೆ ಸೋಸುವ ಗುಂಡಿಯನ್ನೂ ಕಟ್ಟಲೇಬೇಕಾಯಿತು. ತೋಟ ಉಳಿಯಿತು. ಆಲ್ಮಾಜ್ ಈಗ ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ಮಗಳ ಜೊತೆಗಿದ್ದಾರೆ. ಅಲ್ಲಿನ ಕೌನ್ಸಿಲಿಗೆ ಅವರಿಂದ ಈಗಾಗಲೇ ಎರಡು ಪತ್ರ ಹೋಗಿವೆಯಂತೆ.

ಇಂದು ಆಫೀಸಿನಲ್ಲಿ ಒಂದು ಹೊಸ ರಸ್ತೆಯ ನಕ್ಷೆ ನನ್ನ ಸಹಿಗೆ ಕಾಯುತ್ತಿತ್ತು. ನೀರೆಲ್ಲ ಪೈಪಿನಲ್ಲಿಳಿದು ಹಾಳೆಯ ಅಂಚಿಗೆ ಮುಗಿದಿತ್ತು.

“ಈ ಅಂಚಿನ ಆಚೆ ಯಾರಿದ್ದಾರೆ?” ಎಂದು ಮಂಗಳೂರಿನ ಸಹೋದ್ಯೋಗಿ ಪ್ರೆಸಿಲ್ಲಾಳನ್ನು ಕೇಳಿದೆ.

“ಅದು ನಮ್ಮ ಕೆಲಸದ ಸ್ಕೋಪ್‌ನಲ್ಲಿ ಇಲ್ವಲ್ಲ?”

“ಇನ್ನು ಮೇಲೆ ಇದೆ” ಎಂದು ನಕ್ಷೆ ಸುತ್ತಿ ಕಾರಿನ ಕೀ ತೆಗೆದುಕೊಂಡೆ. “ಬಾ, ಹೋಗಿ ಕೇಳಿ ಬರೋಣ.”