ಟೇಪಮ್ಮ ಅಳೆದ ಹೊಟ್ಟೆ

ಸದಾ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು ತಿರುಗುವವಳನ್ನು ಬೀದಿಯವರು ಟೇಪಮ್ಮ ಎನ್ನದೆ ಇನ್ನೇನೆಂದಾರು? ಮೂವತ್ತು ವರ್ಷದ ಹೊಲಿಗೆ ಅವಳದು. ದಪ್ಪಗಾಗಿದ್ದೀ ಎಂದು ಯಾರ ಮುಖಕ್ಕೂ ಹೇಳದೆ, ಸದ್ದಿಲ್ಲದೆ ಲೂಸ್ ಬಿಟ್ಟು ಹೊಲಿದುಕೊಡುವ ಪುಣ್ಯಾತ್ಗಿತ್ತಿ.

ಅಂಥವಳು ಎರಡು ವಾರದಿಂದ ಆಸ್ಪತ್ರೆ ಬಿಟ್ಟು ಕದಲಿರಲಿಲ್ಲ. ಮಗಳಿಗೆ ಎರಡು ತಿಂಗಳು ಮೊದಲೇ ಹೆರಿಗೆಯಾಗಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಮೊಮ್ಮಗಳ ಕರುಳಿನ ಒಳಪದರ ಅಲ್ಲಲ್ಲಿ ಕಿತ್ತುಹೋಗಿತ್ತು. ವಾರವಿಡೀ ಬರೀ ಡ್ರಿಪ್ಪು. ಆಮೇಲೆ ಡಾಕ್ಟರಮ್ಮ ಮೂರು ಗಂಟೆಗೊಮ್ಮೆ ಒಂದು ಎಂ.ಎಲ್. ತಾಯಿಹಾಲು ಶುರುಮಾಡಿಸಿದರು.

"ಅಷ್ಟು ಹಾಲು ಇರುವೆಗೂ ಸಾಲಲ್ವಲ್ಲ ಡಾಕ್ಟ್ರೇ?"

"ಹೊಟ್ಟೆ ತುಂಬಿಸೋಕಲ್ಲ ಅಜ್ಜಿ. ತಾಯಿಹಾಲಲ್ಲಿ ಗ್ರೋತ್ ಫ್ಯಾಕ್ಟರ್ ಅಂತ ಇರುತ್ತೆ. ಗಾಯದ ಅಂಚಲ್ಲಿರೋ ಜೀವಕೋಶಗಳಿಗೆ, ಬೆಳೀರಿ, ಸರಿದು ಬಂದು ಈ ಜಾಗ ಮುಚ್ಚಿ ಅಂತ ಹೇಳೋದು ಅದೇ. ಆದ್ರೆ ಹೊಟ್ಟೆ ಉಬ್ಬಿದ್ರೆ ಹಾಲು ನಿಲ್ಲಿಸ್ಬೇಕು. ಆಪರೇಷನ್ನೂ ಬೇಕಾಗಬಹುದು."

"ವಾಸಿ ಆಗುತ್ತಾ?"

"ನೋಡೋಣ."

ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿತ್ತು ಮಾತು. ಟೇಪಮ್ಮನಿಗೆ ಮೈಯೆಲ್ಲ ಉರಿಯಿತು.

ಪ್ರತಿಸಲ ಹಾಲಿಗೆ ಮೊದಲು ಹೊಟ್ಟೆಯ ಸುತ್ತಳತೆ ನೋಡುತ್ತಿದ್ದರು. ಎಂಟು ಕೂಸಿಗೆ ಒಬ್ಬಳೇ ನರ್ಸು. ಹಾಲು ಶುರುವಾದ ಮೂರನೆಯ ದಿನ ಮಧ್ಯಾಹ್ನ ಪಕ್ಕದ ಕೂಸಿನ ಮೆಷಿನ್ನು ಕೂಗಿಕೊಂಡಾಗ ಆಕೆ ಆಸ್ಪತ್ರೆಯ ಟೇಪನ್ನು ಟೇಪಮ್ಮನ ಕೈಗಿತ್ತು, "ಅಜ್ಜಿ, ಅಳೆದು ಹೇಳಿ. ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ?" ಎಂದು ಓಡಿದಳು.

ಬೆಳಿಗ್ಗೆ ಇಪ್ಪತ್ಮೂರೂವರೆ ಸೆಂಟಿಮೀಟರ್ ಇತ್ತು. ಟೇಪಮ್ಮ ಕೈ ತೊಳೆದು ಅಳೆದಳು. ಇಪ್ಪತ್ತೈದೂವರೆ!

ಹೇಳದಿರಲೇ ಎಂದೂ ಒಂದು ಕ್ಷಣ ಅನ್ನಿಸಿತು. ಹೇಳಿದಳು. ಡಾಕ್ಟರಮ್ಮ ಬಂದವರೇ, "ಹಾಲು ನಿಲ್ಲಿಸಿ, ಎಕ್ಸ್-ರೇ ತೆಗೆಸಿ" ಎಂದರು.

ಹೊರಗಿನ ಬೆಂಚಿನ ಮೇಲೆ ಟೇಪಮ್ಮನಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು. ಕೊರಳ ಟೇಪು ತೆಗೆದು ಸುಮ್ಮನೆ ತನ್ನ ಮೊಣಕಾಲಿಗೇ ಸುತ್ತಿದಳು. ನೋಡುತ್ತಾಳೆ, ತೋರುಬೆರಳು ತಾನಾಗಿಯೇ ಟೇಪಿನ ಒಳಗೆ ಸೇರಿಕೊಂಡಿದೆ! ಬಟ್ಟೆಗೆ ಲೂಸ್ ಬಿಡಲೆಂದು ಮೂವತ್ತು ವರ್ಷದಿಂದ ಟೇಪಿನೊಳಗೆ ಇಡುತ್ತ ಬಂದ ಬೆರಳು ಅದು.

ಒಳಗೆ ಓಡಿದಳು. "ಡಾಕ್ಟ್ರೇ, ಮಗು ಹೊಟ್ಟೆ ಉಬ್ಬಿಲ್ಲ! ನನ್ನ ಬೆರಳು ಒಳಗಿತ್ತು!"

"ನಿಮ್ಮ ಆಸೆ ಅರ್ಥ ಆಗುತ್ತೆ ಅಜ್ಜಿ..."

"ಆಸೆ ಅಲ್ಲ ತಾಯಿ, ಕಸುಬು! ಬೆರಳಿಡದೆ ನಾನು ಯಾರನ್ನೂ ಅಳೆದೇ ಇಲ್ಲ!"

ಡಾಕ್ಟರಮ್ಮ ತಾವೇ ಟೇಪು ಹಿಡಿದರು. ಇಪ್ಪತ್ಮೂರೂವರೆ. ನಂಬಿಕೆ ಬಾರದೆ ಮತ್ತೊಮ್ಮೆ ಅಳೆದರು. ಅಷ್ಟೇ. ಆಗಷ್ಟೇ ಬಂದಿದ್ದ ಎಕ್ಸ್-ರೇ ಚಿತ್ರವನ್ನು ಬಹಳ ಹೊತ್ತು ನೋಡಿ, "ಹಾಲು ಕೊಡಿ" ಎಂದರು.

ಪಕ್ಕದ ಕೋಣೆಯಲ್ಲಿ ಮಗಳು, ಹಾಲು ನಿಲ್ಲಿಸಿದ ಸುದ್ದಿ ಕೇಳಿಯೂ, ಅಳುತ್ತಲೇ ಪುಟ್ಟ ಸೀಸೆಗೆ ಹಾಲು ಹಿಂಡುತ್ತಿದ್ದಳು. ಟೇಪಮ್ಮ ಅವಳೆದುರು ಅಪರಾಧಿಯಂತೆ ನಿಂತಳು.

"ನಾನೇ ತಪ್ಪು ಅಳೆದೆ ಕಣೇ. ನಿನ್ನ ಮಗಳ ಬಾಯಿಗೆ ಬಂದಿದ್ದನ್ನ ನಾನೇ ತಪ್ಪಿಸಿಬಿಡ್ತಿದ್ದೆ."

ಮಗಳು ಸೀಸೆಗೆ ಮುಚ್ಚಳ ಹಾಕಿ ತಾಯಿಯ ಕೈಗಿಟ್ಟಳು.

"ನೀನೇ ತಗೊಂಡು ಹೋಗಮ್ಮ. ಬೇಗ, ಮಗು ಕಾಯ್ತಿದೆ."