ಮುರುಗೇಶಣ್ಣನ ನಿಷೇಧಿತ ಕ್ರಿಯಾಪದ

ನೀರಿನ ಹತ್ತಿರ ಮುರುಗೇಶಣ್ಣನ ಎದುರು ಯಾರೂ ‘ಬೀಳು’ ಎನ್ನುವಂತಿರಲಿಲ್ಲ. ಬಿತ್ತು, ಬೀಳುತ್ತೆ, ಬಿದ್ದೀತು, ಯಾವ ಕಾಲದಲ್ಲೂ ಯಾವ ಅರ್ಥದಲ್ಲೂ ಕೂಡದು. ಬಿಸಿಲು ಬಿದ್ದರೂ ‘ಬಿಸಿಲು ಬಂತು’ ಎನ್ನಬೇಕು. ತಪ್ಪಿದವರು ಎಲ್ಲರಿಗೂ ಟೀ ತರಬೇಕು. ಒಮ್ಮೆ ಶೂಟಿಂಗಿಗೆ ಬಂದ ಮದುಮಗನೊಬ್ಬನ ಸೋದರಮಾವ ‘ಖರ್ಚು ಜಾಸ್ತಿ ಬಿತ್ತು’ ಎಂದು ಗೊಣಗಿ, ರೇಷ್ಮೆ ಪಂಚೆಯಲ್ಲೇ ಟೀ ಅಂಗಡಿಗೆ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಭದ್ರಾವತಿಯಲ್ಲಿ ಅವರ ಸ್ಟುಡಿಯೊ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಮದುವೆ ವಿಡಿಯೊಗಳಿಗಾಗಿ ನದಿ, ಕೆರೆಗಳ ಮೇಲೆಲ್ಲ ಡ್ರೋನ್ ಹಾರಿಸುತ್ತಿದ್ದ ಈ ಮನುಷ್ಯನಿಗೆ ಈಜು ಬಾರದು. ಹಿಂದಿನ ಡ್ರೋನು ಭದ್ರೆಯ ಪಾಲಾಗಿತ್ತು. ‘ಇದೂ ಹೋದ್ರೆ ಅಂಗಡಿಗೆ ಬೀಗ. ನನ್ ತಮ್ಮನ ಕೇಟರಿಂಗಲ್ಲಿ ಸಾಂಬಾರ್ ಬಡಿಸಕ್ಕೆ ಸೇರ್ಕೊಳ್ಳಿ’ ಎಂದು ಹೆಂಡತಿ ಕಲಾ ಅಕ್ಕ ತೀರ್ಪು ಕೊಟ್ಟಿದ್ದರು. ಕಲಾ ಅಕ್ಕ ಹೇಳಿದ್ದನ್ನು ಮಾಡುವವರು. ಮೇಲಿನ ನಿಷೇಧ ಜಾರಿಗೆ ಬಂದದ್ದು ಆಮೇಲೆ.

ನನ್ನನ್ನು ಅವರು ಕಂಡದ್ದು ಶಿವಮೊಗ್ಗದಲ್ಲಿ, ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯ ವಿಡಿಯೊ ತೆಗೆಯಲು ಬಂದಾಗ. ನಾನು ಮೊದಲ ಬಹುಮಾನ ಹಿಡಿದು ಬೀಗುತ್ತಿದ್ದೆ. ಹತ್ತಿರ ಬಂದು, ‘ಮೈಕ್ ಕೆಟ್ಟಿದ್ರೂ ಕೊನೇ ಬೆಂಚಿಗೆ ಕೇಳ್ತಲ್ಲ ಮಾರಾಯ್ತಿ! ಭಾನುವಾರ ಫ್ರೀ ಇದೀಯಾ?’ ಎಂದರು. ನನ್ನ ವಾದ ಏನೆಂದು ಅವರು ಕೇಳಿಸಿಕೊಂಡೇ ಇರಲಿಲ್ಲ. ಬೇಕಾದದ್ದು ಗಂಟಲು. ಅವರು ಸ್ಕ್ರೀನ್ ನೋಡುವಾಗ ನಾನು ಡ್ರೋನಿನಿಂದ ಕಣ್ಣು ಕೀಳದೆ, ಹಕ್ಕಿಯೋ ತಂತಿಯೋ ಅಡ್ಡ ಬಂದರೆ ಕೂಗಬೇಕು.

‘ದೋಣಿಯಿಂದ ಹಾರಿಸ್ಬಾರ್ದು’ ಎನ್ನುತ್ತಿದ್ದರು. ‘ಎಲ್ಲಿಂದ ಎದ್ದಿತೋ ಅದನ್ನೇ ಮನೆ ಅನ್ಕೊಳ್ಳುತ್ತೆ. ಸಿಗ್ನಲ್ ಹೋದ್ರೆ ಅಲ್ಲಿಗೇ ವಾಪಸ್ ಬರುತ್ತೆ. ಅಷ್ಟೊತ್ತಿಗೆ ದೋಣಿ ಇನ್ನೆಲ್ಲೋ. ಆಗ ಯಾರ್ ಮನೆಗೆ ಹೋಗುತ್ತೆ ಪಾಪ?’ ತರ್ಕವಿತ್ತು, ಒಪ್ಪಿದೆ. ಬ್ಯಾಟರಿ ಅರ್ಧವಾಗುವ ಮೊದಲೇ ವಾಪಸ್ ಕರೆಯಬೇಕು, ಒಪ್ಪಿದೆ. ನೀರು ಹೊಳೆಯುವಾಗ ಡ್ರೋನಿನ ಹೊಟ್ಟೆಯಲ್ಲಿರುವ ಸೆನ್ಸರಿಗೆ ಎತ್ತರದ ಅಂದಾಜು ತಪ್ಪುತ್ತದೆ, ಆದ್ದರಿಂದ ತೆಂಗಿನಮರದಷ್ಟು ಮೇಲಿರಬೇಕು. ಅದನ್ನೂ ಒಪ್ಪಿದೆ. ಆದರೆ ಆ ಕ್ರಿಯಾಪದ?

‘ಅಣ್ಣ, ಗುರುತ್ವಾಕರ್ಷಣೆಗೆ ಕನ್ನಡ ಬರುತ್ತಾ?’

‘ನಿಂಗೆ ಡ್ರೋನ್ ಹಾರ್ಸಕ್ಕೆ ಬರುತ್ತಾ ಲಾಯರಮ್ಮ?’

‘ಅದು ನನ್ನ ಪ್ರಶ್ನೆಗೆ ಉತ್ತರ ಅಲ್ಲ.’

‘ನಂದೂ ಪ್ರಶ್ನೆನೇ. ಮೊದ್ಲು ಅದಕ್ಕೆ ಉತ್ತರ ಕೊಡು.’

ತೀರ್ಪುಗಾರರಿದ್ದಿದ್ದರೆ ಅಂಕ ಕಳೆಯುತ್ತಿದ್ದರು.

ಒಂದು ಸಲ ಮದುಮಗ ಶಿವಮೊಗ್ಗದವನು, ಮದುಮಗಳು ಭದ್ರಾವತಿಯವಳು. ಅವನೂರಿನ ತುಂಗೆಯೂ ಇವಳೂರಿನ ಭದ್ರೆಯೂ ಸೇರುವ ಕೂಡ್ಲಿಯಲ್ಲೇ ಶೂಟಿಂಗ್ ಆಗಬೇಕೆಂದು ಮುರುಗೇಶಣ್ಣನೇ ಹಠ ಹಿಡಿದರು. ಬೆಳಗಿನ ಬಿಸಿಲಿಗೆ ನೀರು ತೊಳೆದ ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ‘ಇನ್ನೂ ಸ್ವಲ್ಪ ಕೆಳಗೆ ಸರ್, ನೀರಿಗೆ ಮುತ್ತು ಕೊಡೋ ಹಾಗೆ’ ಎಂದ ಮದುಮಗ. ಹೊಗಳಿಕೆಗೂ ಮದುಮಗಂದಿರಿಗೂ ಮುರುಗೇಶಣ್ಣ ಬೇಗ ಕರಗುತ್ತಿದ್ದರು. ತೆಂಗಿನಮರದ ನಿಯಮ ಮರೆತು ಡ್ರೋನನ್ನು ಇಳಿಸಿದರು. ಅವರು ನಿಲ್ಲಿಸಿದ ಮೇಲೂ ಅದು ಇಳಿಯುತ್ತಲೇ ಇತ್ತು.

‘ಅಣ್ಣ, ಇಳೀತಿದೆ!’

‘ಇಳೀಲಿ. ನಾನೇ ಇಳ್ಸಿದ್ದು.’

‘ಜಾಸ್ತಿ ಇಳೀತಿದೆ!’

‘ಫ್ರೇಮ್ ಸೂಪರಾಗಿದೆ, ಸುಮ್ನಿರು.’

ಬೇಕೆಂದೇ ಇಳಿಸುವುದಕ್ಕೂ ಕೈತಪ್ಪಿ ಇಳಿಯುವುದಕ್ಕೂ ಇರುವ ವ್ಯತ್ಯಾಸ ಹೇಳಲು ನನ್ನ ಬಳಿ ಒಂದೇ ಪದವಿತ್ತು. ಅದನ್ನು ಇವರು ಕಿತ್ತುಕೊಂಡಿದ್ದರು.

‘ಬೀಳ್ತಿದೆ! ಬೀಳ್ತಿದೆ! ಬೀಳ್ತಿದೆ!’

ಎದುರು ದಡದ ಬೆಳ್ಳಕ್ಕಿಗಳು ಒಟ್ಟಿಗೆ ಎದ್ದವು. ಅಣ್ಣನ ಹೆಬ್ಬೆರಳು ಬೆಚ್ಚಿ ಮೇಲಕ್ಕೆ ಒತ್ತಿತು. ಡ್ರೋನಿನ ಕಾಲು ನೀರಿಗೆ ತಾಗಿ, ಸಣ್ಣದೊಂದು ಗೆರೆ ಎಳೆದು, ಮೇಲೆದ್ದು ಬಂತು. ದಡಕ್ಕೆ ಇಳಿಸಿ, ‘ಅಯ್ಯೋ ಸಾಮಿ’ ಎಂದು ಅದನ್ನು ಎದೆಗವಚಿಕೊಂಡು ಕಲ್ಲಿನ ಮೇಲೆ ಕುಳಿತರು.

‘ಮೊದ್ಲೇ ಹಾಗನ್ನಕ್ಕೆ ಏನಾಗಿತ್ತು ನಿಂಗೆ?’

‘ನಿಮ್ಮದೇ ಕಾನೂನು ಅಣ್ಣ.’

ತುಸು ಯೋಚಿಸಿದರು. ‘ಸರಿ, ಕಾನೂನು ಇವತ್ತಿಂದ ರದ್ದು. ಆದ್ರೆ ನೀನಂದಿದ್ದು ರದ್ದಾಗೋಕೆ ಮುಂಚೆ. ಹೋಗು, ಟೀ ತಾ. ಕಲಾಗೆ ಮಾತ್ರ ಹೇಳ್ಬೇಡ ಕಣಮ್ಮ.’

ವಾದ ಗೆದ್ದವಳು ನಾನು. ಟೀ ತಂದವಳೂ ನಾನೇ.

ಅಂಗಡಿಗೆ ಬೀಗ ಬೀಳಲಿಲ್ಲ. ಆದರೆ ಕಳೆದ ವರ್ಷ ಕಲಾ ಅಕ್ಕನ ತಾಯಿಯನ್ನು ನೋಡಿಕೊಳ್ಳಲು ಇಬ್ಬರೂ ತೂತುಕುಡಿಗೆ ಹೊರಟರು, ಸ್ಟುಡಿಯೊ ಸಮೇತ. ಭದ್ರಾವತಿ ರೈಲು ನಿಲ್ದಾಣಕ್ಕೆ ಹೋಗಿದ್ದೆ. ಮುರುಗೇಶಣ್ಣ ಡ್ರೋನಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕುಳಿತಿದ್ದರು.

‘ಅಲ್ಲಿ ಸಮುದ್ರ ಅಣ್ಣ. ಉಪ್ಪುಗಾಳಿ ಬೇರೆ. ಹುಷಾರು.’

‘ನದಿಗೆ ಎರಡು ದಡ ಕಾಯ್ಬೇಕು, ಸಮುದ್ರಕ್ಕೆ ಒಂದೇ. ಅರ್ಧ ಕೆಲ್ಸ ಕಮ್ಮಿ!’

ಇದು ಶುದ್ಧ ಕುತರ್ಕವೆಂದು ಸಾಬೀತು ಮಾಡಲು ನಾನು ಬಾಯಿ ತೆರೆಯುವಷ್ಟರಲ್ಲಿ ರೈಲು ಹೊರಟಿತು.

ಈಗಲೂ ತುಂಗೆಯ ದಡದಲ್ಲಿ ಯಾರಾದರೂ ಡ್ರೋನ್ ಹಾರಿಸುತ್ತಿದ್ದರೆ ನಿಂತು ತಪ್ಪು ತೋರಿಸುತ್ತೇನೆ. ಹುಡುಗರು ಒಳ್ಳೆಯವರು. ‘ಆಯ್ತು ಮೇಡಂ’ ಎಂದು ತಕ್ಷಣ ಒಪ್ಪಿಕೊಂಡುಬಿಡುತ್ತಾರೆ. ಅಲ್ಲಿಗೆ ಮಾತು ಮುಗಿದುಹೋಗುತ್ತದೆ.