ಮಿಕ್ಕ ಬಣ್ಣಗಳ ಮನೆ

ನನ್ನ ಗಂಡ ಬಡಗಿ. ಇಂದಿರಾನಗರ, ಹಲಸೂರಿನ ದೊಡ್ಡ ಮನೆಗಳ ಒಳಾಲಂಕಾರದ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಮಿಕ್ಕಿದ್ದೆಲ್ಲ, ಮಾಲೀಕರನ್ನು ಕೇಳಿಕೊಂಡು, ಬೈಯಪ್ಪನಹಳ್ಳಿಯ ನಮ್ಮ ಎರಡು ಕೋಣೆಯ ಬಾಡಿಗೆ ಮನೆಗೆ ಬರುತ್ತದೆ. ಮುಂದಿನ ಕೋಣೆಗೆ ಯಾವುದೋ ಕ್ಲಿನಿಕ್ಕಿನ ಬೂದು ಬಣ್ಣ. ಮಲಗುವ ಕೋಣೆಗೆ ಯಾರದೋ ಮಗುವಿನ ವಾಲ್‌ಪೇಪರ್. ಕಾಗದ ಸಾಲದೆ ಜಿರಾಫೆಗೆ ಕುತ್ತಿಗೆಯಿದೆ, ತಲೆಯಿಲ್ಲ. ಅಡುಗೆಮನೆ ಕಪಾಟಿನ ಬಾಗಿಲುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಕಂಟೋನ್ಮೆಂಟಿನಲ್ಲಿ ಕೆಡವಿದ ಬಂಗಲೆಯೊಂದರ ಗಾಜಿನ ದೀಪ ಎಷ್ಟು ಕೆಳಗೆ ತೂಗುತ್ತದೆಂದರೆ, ಬಂದವರೆಲ್ಲ ನಮಗೆ ತಲೆಬಾಗಿಯೇ ಒಳಗೆ ಬರಬೇಕು. ಹಾಗೆಂದು ಗಂಡನ ಕೈಕೆಲಸಕ್ಕೆ ಹೆಸರಿಡುವಂತಿಲ್ಲ.

ಮೂರು ವರ್ಷದ ಹಿಂದೆ ಒಂದು ಭಾನುವಾರ, ಅವರಿಗೆ ಕೆಲಸ ಕೊಡುವ ಡಿಸೈನರ್ ಮೇಡಂ ಹೊಸ ಫ್ಲ್ಯಾಟೊಂದರ ಕೀಲಿ ಕೊಡಲು ಬಂದರು. ಚಹಾದ ಲೋಟ ಹಿಡಿದು ಮನೆಯೆಲ್ಲ ಸುತ್ತಿದರು, ಫೋಟೊ ತೆಗೆದರು.

"ಸೂಪರಾಗಿದೆ ರೀ. ಇಂಥ ಮಿಕ್ಸ್ ಸ್ಟೈಲ್ ಬೇಕು ಅಂತ ನಮ್ ಕ್ಲೈಂಟ್ಸ್ ತಲೆ ತಿಂತಾರೆ. ಇಲ್ಲಿ ತಾನಾಗೇ ಬಂದ್ಬಿಟ್ಟಿದೆ," ಎಂದವರು ನನ್ನ ಕಡೆ ತಿರುಗಿ, "ಸೆಲೆಕ್ಷನ್ ನಿಮ್ದಾ ಅಕ್ಕ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಗಂಡ, "ಆಕಿದೇನಿಲ್ಲ ಮೇಡಂ, ಎಲ್ಲಾ ನಾನೇ ತಂದೀನಿ," ಎಂದರು. ಅವರ ಮುಖ ಊರಗಲವಾಗಿತ್ತು.

ಸುಳ್ಳೇನಲ್ಲ. ಅದಕ್ಕೇ ನನಗೆ ಉರಿದುಹೋಯಿತು. ಹಗಲೆಲ್ಲ ಈ ಮನೆಯಲ್ಲಿ ಇರುವವಳು ನಾನು. ಆದರೆ ಗೋಡೆಯಿಂದ ಹಿಡಿದು ಕಪಾಟಿನ ಹಿಡಿಕೆಯವರೆಗೆ ಪ್ರತಿಯೊಂದನ್ನೂ ಇನ್ಯಾವುದೋ ಮನೆಯ ಹೆಂಗಸು ಆರಿಸಿದ್ದಳು.

ಮೇಡಂ ಹೋದ ಮೇಲೆ ಹೇಳಿಯೇಬಿಟ್ಟೆ: "ನನಗೊಂದು ಗೋಡಿ ಬೇಕು. ಅಡಗಿಮನಿದು. ಅದರ ಬಣ್ಣ ನಾನೇ ಆರಸ್ತೀನಿ."

"ಇಷ್ಟಕ್ಕ ಸಿಟ್ಟೇನು?" ಎಂದು ನಕ್ಕ ಅವರು, ಮರುದಿನವೇ ಅಂಗಡಿಯಿಂದ ಬಣ್ಣದ ಮಾದರಿಗಳ ಪುಸ್ತಕ ತಂದು ಕೈಗಿಟ್ಟರು.

ಅಲ್ಲಿ ನನ್ನ ಜಂಬ ಇಳಿಯಿತು. ವಾರ ಕಳೆದರೂ ಒಂದರ ಮೇಲೂ ಬೆರಳಿಡಲಾಗಲಿಲ್ಲ. ಇದು ಮಗಳಿಗೆ ಇಷ್ಟ, ಇದು ಅವರಿಗೆ, ಇದರ ಮೇಲೆ ಎಣ್ಣೆ ಕಲೆ ಕಾಣುವುದಿಲ್ಲ. ಮತ್ತೆ ನನಗೆ? ತವರಿನಲ್ಲಿ ಅಕ್ಕ ಉಟ್ಟು ಬಿಟ್ಟ ಸೀರೆ, ಇಲ್ಲಿ ಮಂದಿ ಬಳಿದು ಬಿಟ್ಟ ಬಣ್ಣ. ನನಗೆ ಯಾವ ಬಣ್ಣ ಇಷ್ಟವೆಂದು ಬೇರೆಯವರು ಕೇಳಿರಲಿಲ್ಲ ಸರಿ, ನಾನಾದರೂ ಯಾವಾಗ ಕೇಳಿಕೊಂಡಿದ್ದೆ? ನಲವತ್ತು ದಾಟಿದವಳು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅತ್ತುಬಿಟ್ಟೆ.

ಆ ಶನಿವಾರ ರಸೆಲ್ ಮಾರುಕಟ್ಟೆಗೆ ಹೋದವಳು ತರಕಾರಿ ಕೊಳ್ಳುವುದು ಬಿಟ್ಟು ಬಣ್ಣಗಳನ್ನೇ ನೋಡುತ್ತ ತಿರುಗಿದೆ. ನೇರಳೆ ಹಣ್ಣಿನ ರಾಶಿಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ, ಅಂಗಡಿಯವರು ಬೇಸತ್ತು, "ಕ್ಯಾ ಹೋನಾ ಅಮ್ಮಾ?" ಎಂದರು. ಏನು ಬೇಕೆಂದು ಆಗ ನನಗೆ ಗೊತ್ತಿತ್ತು.

ಮನೆಗೆ ಬಂದು ಪುಸ್ತಕದಲ್ಲಿ ಆ ಬಣ್ಣ ತೋರಿಸಿದೆ. ಗಂಡ ಅದನ್ನು ಗೋಡೆಗೆ ಹಿಡಿದರು, ಕಪಾಟಿಗೆ ಹಿಡಿದರು, ತಲೆಯಾಡಿಸಿದರು.

"ಇದು ನಮ್ಮ ಮನ್ಯಾಗ ಯಾವುದಕ್ಕೂ ಹೊಂದಂಗಿಲ್ಲ."

"ಹೊಂದೂದು ಬ್ಯಾಡ," ಎಂದೆ. "ನನಗ ಸೇರ್ತದ. ಹಚ್ಚರಿ."

ಅವರು ಪುಸ್ತಕ ಮಡಚಿಟ್ಟರು. ಆಮೇಲೆ ಎಷ್ಟು ಬಣ್ಣ ತರಬೇಕಾದೀತೆಂದು, ಜೇಬಿನಿಂದ ಟೇಪು ತೆಗೆದು ಗೋಡೆಯನ್ನು ಅಳೆಯತೊಡಗಿದರು. ನಮ್ಮ ಮನೆಯ ಗೋಡೆಯೊಂದನ್ನು ಅವರು ಅಳೆದದ್ದನ್ನು ನಾನು ನೋಡಿದ್ದು ಅದೇ ಮೊದಲು.